ಬೇಳೆ ಅದೇ, ಮೂಟೆ ಅದೇ, ಸ್ಟಿಕ್ಕರ್ ಬೇರೆ

ಮಾನ್ಯ ಸಂಪಾದಕರೇ,

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ 22 ವರ್ಷಗಳಿಂದ ಕಿರಾಣಿ ಅಂಗಡಿ ನಡೆಸುತ್ತಿದ್ದೇನೆ. ಊರು ಬೈಂದೂರು ಕಡೆ. ಮೊದಲೆಲ್ಲ ಗಿರಾಕಿಗಳು ರೇಟು ಕೇಳುತ್ತಿದ್ದರು, ಅಷ್ಟೇ. ಈಗ ದಿನಕ್ಕೆ ಹತ್ತು ಜನರಾದರೂ ‘ಸೇಂದ್ರಿಯ ಆಹೆ ಕಾ?’ (ಸಾವಯವವಾ?) ಎನ್ನುತ್ತಾರೆ. ನಮ್ಮವರು ‘ಆರ್ಗ್ಯಾನಿಕ್ ಬೆಲ್ಲ ಉಂಟಾ?’ ಎನ್ನುತ್ತಾರೆ. ಮಕ್ಕಳ ಹೊಟ್ಟೆಗೆ ವಿಷ ಹೋಗಬಾರದು ಎಂಬ ಕಾಳಜಿ ಅದು. ಆ ಕಾಳಜಿಗೇ ಮೋಸವಾಗುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ತಿಂಗಳು ಒಬ್ಬ ಹೋಲ್‌ಸೇಲ್ ವ್ಯಾಪಾರಿ ತೊಗರಿಬೇಳೆ ಮೂಟೆ ಇಳಿಸಿದರು. ಜೊತೆಗೆ ಹಸಿರು ಸ್ಟಿಕ್ಕರಿನ ಒಂದು ಸುರುಳಿಯನ್ನೂ ಕೈಗಿಟ್ಟರು. “ಅರ್ಧ ಮೂಟೆ ಹಾಗೇ ಮಾರಿ. ಇನ್ನರ್ಧ ಕಿಲೋ ಲೆಕ್ಕದಲ್ಲಿ ಕಟ್ಟಿ ಇದನ್ನು ಅಂಟಿಸಿ. ಕಿಲೋಗೆ 40 ರೂಪಾಯಿ ಜಾಸ್ತಿ ಬರುತ್ತದೆ” ಎಂದರು. ಸುರುಳಿ ವಾಪಸ್ ಕೊಟ್ಟೆ. ಅದು ಮುಂದಿನ ಅಂಗಡಿಗೆ ಹೋಗಿರುತ್ತದೆ, ಅಲ್ವಾ?

ಇದಕ್ಕೆ ಕಾನೂನು ಇಲ್ಲವೆಂದಲ್ಲ. ಸಾವಯವ ಆಹಾರಕ್ಕೆ 2017ರಲ್ಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ನಿಯಮ ಮಾಡಿದೆ. ಪ್ಯಾಕೆಟ್ ಮೇಲೆ ಆರ್ಗ್ಯಾನಿಕ್ ಎಂದು ಬರೆದು ಮಾರಬೇಕಾದರೆ ಸರಕಾರ ಒಪ್ಪಿದ ಗುರುತು ಇರಬೇಕು. ‘ಜೈವಿಕ್ ಭಾರತ್’ ಅಂಥದ್ದೊಂದು. ಹಸಿರು ಬಣ್ಣದ್ದು, ಎಲೆ ಇರುತ್ತದೆ. ‘ಇಂಡಿಯಾ ಆರ್ಗ್ಯಾನಿಕ್’ ಇನ್ನೊಂದು, ರೈತರೇ ಗುಂಪು ಕಟ್ಟಿ ಒಬ್ಬರ ಗದ್ದೆ ಒಬ್ಬರು ಪರೀಕ್ಷಿಸಿ ಪಡೆಯುವ ‘ಪಿಜಿಎಸ್ ಇಂಡಿಯಾ’ ಮತ್ತೊಂದು. ಸುಮ್ನೆ ಹಸಿರು ಎಲೆ ಬಿಡಿಸಿದರೆ ಸಾಲದು.

ಬೆಲ್ಲದ ವಿಷಯದಲ್ಲಂತೂ ಜನ ಬಣ್ಣ ನೋಡಿ ತೀರ್ಮಾನಿಸುತ್ತಾರೆ. ಹಳದಿ ಬೆಲ್ಲಕ್ಕೆ ಹೆಚ್ಚಾಗಿ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹೈಡ್ರೋಸ್ ಹಾಕಿರುತ್ತಾರೆ, ನಿಜ. ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದ ಬೆಲ್ಲ ಹೆಚ್ಚಾಗಿ ಕಂದಾಗಿರುತ್ತದೆ, ಅದೂ ನಿಜ. ಆದರೆ ಕಬ್ಬಿನ ಗದ್ದೆಗೆ ಏನು ಹಾಕಿದ್ದರು ಎಂಬುದನ್ನು ಬಣ್ಣ ಹೇಳುವುದಿಲ್ಲ. ರಾಸಾಯನಿಕ ಗೊಬ್ಬರ ನಿಲ್ಲಿಸಿದ ಗದ್ದೆಗೆ ಸರ್ಟಿಫಿಕೇಟ್ ಸಿಗಲು ಎರಡು ವರ್ಷ ಬೇಕು, ತೆಂಗು ಅಡಿಕೆಯಂಥ ತೋಟಕ್ಕೆ ಮೂರು ವರ್ಷ.

ನನ್ನ ಭಾವ ರಾಸಾಯನಿಕ ಗೊಬ್ಬರ ಮುಟ್ಟದೆ ಆರು ವರ್ಷ ಆಯಿತು. ಹಟ್ಟಿಗೊಬ್ಬರ, ಸೊಪ್ಪು, ಅಷ್ಟೇ. ಅವರ ಕುಚ್ಚಲಕ್ಕಿ ನನ್ನ ಅಂಗಡಿಯಲ್ಲಿದೆ. ಕಾಗದ ಮಾಡಿಸಿಲ್ಲ, ಹಾಗಾಗಿ ನಾನು ‘ಆರ್ಗ್ಯಾನಿಕ್’ ಎಂದು ಬರೆದಿಲ್ಲ. ‘ಭಾವನ ಗದ್ದೆಯ ಅಕ್ಕಿ’ ಎಂದು ರಟ್ಟಿನ ಮೇಲೆ ಬರೆದಿದ್ದೇನೆ. ಅಕ್ಕಪಕ್ಕದ ರೈತರು ಗುಂಪು ಕಟ್ಟಿಕೊಂಡರೆ ಪಿಜಿಎಸ್‌ನಲ್ಲಿ ಕಡಿಮೆ ಖರ್ಚಿಗೆ ಆಗುತ್ತದೆ, ಮಾಡಿಸಿ ಎಂದು ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದೇನೆ. ಬೆವರು ಸುರಿಸುವವರು ಹಿಂದೆ ಉಳಿದು ಸ್ಟಿಕ್ಕರಿನವರು ದುಡ್ಡು ಮಾಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮುಖಕ್ಕೆ ಹಚ್ಚುವ ಕ್ರೀಮುಗಳದ್ದು ಇದಕ್ಕಿಂತ ಕಷ್ಟ. ನಮ್ಮ ಬಿಲ್ಡಿಂಗಿನ ಕಾಲೇಜು ಹುಡುಗಿಯೊಬ್ಬಳು ಎಲ್ಲಿಂದಲೋ ತರಿಸಿದ ‘ಆರ್ಗ್ಯಾನಿಕ್ ಅಲೋವೆರಾ’ ಕ್ರೀಮಿನ ಡಬ್ಬಿ ಹಿಡಿದು ಬಂದಳು. ಎರಡೂ ಕೆನ್ನೆ ಕೆಂಪಗೆ ಬಾತಿದ್ದವು. “ಅಂಕಲ್, ಇದ್ರಲ್ಲಿ ಏನಿದೆ ನೋಡಿ” ಎಂದಳು. ಭೂತಗನ್ನಡಿ ಹಿಡಿದು ಓದಿದೆ. ಮುಂದೆ ಅಂಗೈ ಅಗಲದ ಲೋಳೆಸರದ ಚಿತ್ರ. ಹಿಂದೆ ಸಾಸಿವೆ ಕಾಳಿನಷ್ಟು ಅಕ್ಷರ. ಮೊದಲು ನೀರು, ಆಮೇಲೆ ನಾಲಿಗೆ ತಿರುಗದ ಹೆಸರುಗಳು, ಸುಗಂಧ. ಲೋಳೆಸರ ಬಂದದ್ದು ಹನ್ನೊಂದನೆಯದಾಗಿ. ಜೈವಿಕ್ ಭಾರತ್ ಗುರುತು ಆಹಾರಕ್ಕೆ ಮಾತ್ರ, ಕ್ರೀಮಿಗೆ ಸಾಬೂನಿಗೆ ಅಲ್ಲ. ಅಲ್ಲಿಗೂ ಅಂಥದ್ದೇ ಒಂದು ಕಡ್ಡಾಯ ಗುರುತು ತರಬೇಕೆಂದು ಸರಕಾರವನ್ನು ಕೇಳುತ್ತೇನೆ. ಹಾಗೆಂದು ಸಾವಯವವಾದದ್ದೆಲ್ಲ ಎಲ್ಲರ ಚರ್ಮಕ್ಕೂ ಒಗ್ಗುತ್ತದೆ ಎಂದಲ್ಲ. ಅರಿಸಿನವೂ ಕೆಲವರಿಗೆ ಆಗುವುದಿಲ್ಲ. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ, ಒಂದು ದಿನ ನೋಡಿ.

ಓದುಗರಲ್ಲಿ ಒಂದು ವಿನಂತಿ. ಜಾಸ್ತಿ ದುಡ್ಡು ಕೊಡುವ ಮೊದಲು ಗುರುತು ಎಲ್ಲಿದೆ ಎಂದು ಅಂಗಡಿಯವರನ್ನು ಕೇಳಿ. ನನ್ನನ್ನೂ ಕೇಳಿ. ಭೂತಗನ್ನಡಿ ಈಗ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇಟ್ಟಿದ್ದೇನೆ.

– ಒಬ್ಬ ಕಿರಾಣಿ ವ್ಯಾಪಾರಿ, ಡೊಂಬಿವಲಿ ಪೂರ್ವ