ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬೀಜ ಕೊಟ್ಟ ಅಮ್ಮನಿಗೆ

ಅಪ್ಪನ ಆರೈಕೆಯಲ್ಲೇ ಈ ಸಲದ ಬೇಸಿಗೆ ಕಳೆದುಹೋಯಿತು. ಹಿತ್ತಲಿಗೆ ಕೈ ಹಾಕುವ ಹೊತ್ತಿಗೆ ಜೂನ್ 3. ಮೃಗಶಿರ ಮಳೆಗೆ ನಾಲ್ಕೈದೇ ದಿನ. ಅಮ್ಮ ಇದ್ದಾಗ ಅಷ್ಟರಲ್ಲಿ ಸೌತೆಬಳ್ಳಿ ಹಬ್ಬಲು ಶುರುವಾಗಿರುತ್ತಿತ್ತು. ಬೀಜದ ಅಂಗಡಿಯಲ್ಲಿ "ಈಗ ಹಾಕಿದ್ರೆ ಕೊಳೆತೇ ಹೋಗುತ್ತೆ" ಅಂದುಬಿಟ್ಟರು. ಬರಿಗೈಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ.

ಪಕ್ಕದಲ್ಲಿ ಕುಳಿತಿದ್ದ ನೀವು ನನ್ನ ಮುಖ ನೋಡಿ ವಿಚಾರಿಸಿದಿರಿ. "ಹೊತ್ತು ಮೀರಿಲ್ಲ ಮಗಾ, ಏರುಮಡಿ ಮಾಡು. ಬುಡದಲ್ಲಿ ನೀರು ನಿಲ್ಲಬಾರದು ಅಷ್ಟೆ" ಎನ್ನುತ್ತಾ ಚೀಲದಿಂದ ಪೇಪರಿನ ಪೊಟ್ಟಣ ತೆಗೆದಿರಿ. ಬೂದಿ ಮೆತ್ತಿದ ಸೌತೆಬೀಜ, ಬೆಂಡೆಬೀಜ. ಮಗಳ ಮನೆಗೆ ಒಯ್ಯುತ್ತಿದ್ದುದಂತೆ! ಅರ್ಧ ಎಣಿಸಿ ನನ್ನ ಅಂಗೈಗೆ ಹಾಕಿ, ಬೆರಳು ಮಡಚಿ ಮುಚ್ಚಿದಿರಿ. ಬಾಳೆನಾರಲ್ಲಿ ಕಟ್ಟಿದ ಎರಡು ಬಸಳೆ ಕುಡಿಯನ್ನೂ ಇಟ್ಟಿರಿ. ದುಡ್ಡು ಮುಟ್ಟಲೇ ಇಲ್ಲ. ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಕೂಗಿದಿರಿ: "ಸಸಿಗೆ ಅಡಿಕೆ ಸೋಗೆ ಮರೆ ಕಟ್ಟು, ಹನಿಗೆ ಮುರಿದಾವು!"

ಆರನೇ ದಿನ ಮಣ್ಣು ಬಿರಿದು ಜೋಡಿ ಎಲೆ ಎದ್ದಾಗ ಎಷ್ಟು ಹಗುರಾದೆನೋ. ಇವತ್ತು ಸೌತೆಗೆ ಮೊದಲ ಹಳದಿ ಹೂವು; ಅಪ್ಪ ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲವರೆಗೆ ಬಂದು ನೋಡಿದರು.

ನಿಮ್ಮ ಹೆಸರು, ಊರು ಕೇಳಲಾಗಲಿಲ್ಲ. ಧನ್ಯವಾದ ಅಮ್ಮಾ. ಬೀಜಕ್ಕೆಂದು ಒಂದು ಕಾಯಿಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಡುತ್ತೇನೆ.