ಕೈ ನಡುಗದ ದಿನ

ಪುಟ್ಟೀ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಕೊನೆಯ ಸಾಲು ನನ್ನನ್ನು ಬಿಡುತ್ತಿಲ್ಲ. ನಿನ್ನ ಪ್ರಯೋಗಕ್ಕೆ ಮೊದಲ ಜರ್ಬಿಲ್, ಇಲಿಯಂಥ ಆ ಪುಟ್ಟ ಪ್ರಾಣಿ, ಸತ್ತ ದಿನ ನಿನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಈಗ ಕೈ ತೊಳೆದು ಸೀದಾ ಊಟಕ್ಕೆ ಹೋಗುತ್ತೀಯ. "ನಾನು ಹೀಗೇ ಆಗಿಬಿಡ್ತೇನಾ ಮಾವ?" ಅಂತ ಕೇಳಿದ್ದೀಯ.

ಕೆಲಸವೇನೋ ಸ್ವಲ್ಪ ಅರ್ಥವಾಯಿತು. ಕಿವಿತಮಟೆಯನ್ನು ಸಣ್ಣ ಸೂಜಿಯಿಂದ ಒತ್ತಿ, ಎಷ್ಟು ಬಲಕ್ಕೆ ಎಷ್ಟು ತಗ್ಗಿತು ಅಂತ ನೋಡುವುದು. ನಮ್ಮದೇ ಸುಮಾರು 0.1 ಮಿಲಿಮೀಟರ್ ದಪ್ಪ, ಜರ್ಬಿಲ್‌ನದು ಅದಕ್ಕಿಂತ ಎಷ್ಟೋ ತೆಳು. ಒಣಗಿದರೆ ಬಿಗಿದುಕೊಂಡು ಲೆಕ್ಕ ತಪ್ಪುತ್ತದೆ ಅಂತ ಉಪ್ಪುನೀರು ಹನಿಸುತ್ತೀಯಂತೆ. ನಮ್ಮ ಕುಂಬಳೆ ಕಡೆ ಆಟಿಯ ಮಳೆಗೆ ಮದ್ದಳೆಯ ಮುಚ್ಚಿಗೆ ಸಡಿಲಾಗಿ ಶ್ರುತಿ ಇಳಿಯುತ್ತದಲ್ಲ, ಅದರ ತಿರುವುಮುರುವು. ಕಿವಿಯ ವಿಜ್ಞಾನಿ ಬೇಕೇಶಿ 1949ರಲ್ಲಿ ನಮ್ಮ ತಮಟೆಯ ಪೆಡಸುತನ 20 ಮೆಗಾಪಾಸ್ಕಲ್ ಅಂದನಂತೆ, ಆಮೇಲೆ ಅಳೆದವರಿಗೆ ಬೇರೆ ಬೇರೆ ಸಂಖ್ಯೆ ಬಂತಂತೆ. ಅವನು ಅಳೆದದ್ದು ಹೆಣದ ಕಿವಿಯ ಚೂರನ್ನು. ನಿನ್ನ ಚಿಂತೆ ಅವನಿಗಿರಲಿಲ್ಲ ಬಿಡು.

ಹೀಗೇ ಆಗಿಬಿಡ್ತೇನಾ ಅಂದರೆ ನಾನೇನು ಹೇಳಲಿ? ನಾನು ಆಗಿದ್ದೆ.

ಮಾಸ್ಟರಾಗಿ ಸೇರಿದ ವರ್ಷ ಒಬ್ಬನಿಗೆ ಬೆತ್ತದಲ್ಲಿ ಹೊಡೆದು ರಾತ್ರಿಯಿಡೀ ನಿದ್ದೆ ಬರಲಿಲ್ಲ. ಏಳೆಂಟು ವರ್ಷದ ಮೇಲೆ ಹೊಡೆದದ್ದು ನೆನಪೇ ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಪಕ್ಕದವನ ಹತ್ತಿರ ಏನೋ ಪಿಸುಗುಟ್ಟಿದ. ಬಲಗೈಯಲ್ಲಿ ಚಾಕ್‌ಪೀಸು ಇತ್ತು, ಎಡಗೈಯಲ್ಲಿ ಬಾರಿಸಿದೆ. ಸಿಟ್ಟೂ ಬಂದಿರಲಿಲ್ಲ ಪುಟ್ಟೀ. ಅದೇ ನನಗೆ ಇವತ್ತಿಗೂ ಭಯ. ಅವನು ಅಳಲಿಲ್ಲ, ಅಂಗೈಯಿಂದ ಕಿವಿ ಮುಚ್ಚಿಕೊಂಡು ಕೂತ. ಮರುದಿನ ಕಿವಿಯಲ್ಲಿ ಹತ್ತಿ. ತಮಟೆ ತೂತಾಗಿತ್ತು.

ಅಂಥ ತೂತು ಹೆಚ್ಚಾಗಿ ತಾನೇ ಕೂಡಿಕೊಳ್ಳುತ್ತದೆ. ಅವನದ್ದೂ ಕೂಡಿತು. ಆದರೆ ನಾನು ಬೆಂಚಿನ ಹತ್ತಿರ ಬಂದರೆ ಸಾಕು, ಆ ಕಿವಿಯನ್ನು ಭುಜಕ್ಕೆ ಒತ್ತಿಕೊಳ್ಳುತ್ತಿದ್ದ. ಏಳನೇ ಕ್ಲಾಸು ದಾಟುವವರೆಗೂ.

ನಿನ್ನದೂ ನನ್ನದೂ ಒಂದೇ ಅಲ್ಲ, ಗೊತ್ತು. ನೀನು ಅಳೆದದ್ದು ನಾಳೆ ಯಾರದೋ ಹರಿದ ತಮಟೆಗೆ ತೇಪೆ ಹಾಕುವವರಿಗೆ ಬೇಕಾಗುತ್ತದೆ. ನನ್ನ ಏಟು ಯಾರಿಗೆ ಬೇಕಿತ್ತು? ಆದರೂ ಕೈಗೆ ರೂಢಿಯಾಗುತ್ತದಲ್ಲ, ಅದು ಹೇಗೆ ಬರುತ್ತದೆ ಅಂತ ಬರುವಾಗ ಗೊತ್ತಾಗುವುದಿಲ್ಲ. ನಿನಗೆ ಗೊತ್ತಾಗಿದೆ. ನನಗೆ ಹತ್ತಿ ನೋಡಿದ ಮೇಲೆ ಗೊತ್ತಾಯಿತು.

ಊಟ ಬಿಡಬೇಡ, ಅದರಿಂದ ಜರ್ಬಿಲ್‌ಗೇನೂ ಲಾಭವಿಲ್ಲ. ಒಂದು ಜೀವ ಹೋದರೆ ಎರಡೂ ಕಿವಿ ಅಳೆಯುತ್ತೀರಲ್ವಾ? ಸುಮ್ನೆ ಕೇಳಿದೆ, ನಿಮಗೆ ಗೊತ್ತಿಲ್ಲದ್ದೇನಲ್ಲ. ಅವಸರದ ದಿನ ಆ ಕೆಲಸ ಇಟ್ಟುಕೊಳ್ಳಬೇಡ. ಆಗುತ್ತೋ ಇಲ್ಲವೋ, ನಿನ್ನ ಗೈಡನ್ನು ಕೇಳಿ ನೋಡು.

ಆ ಹುಡುಗ ಈಗ ಬದಿಯಡ್ಕದಲ್ಲಿ ಅಂಗಡಿ ಇಟ್ಟಿದ್ದಾನೆ. ಹೋದಾಗೆಲ್ಲ ಅಡಿಕೆ ರೇಟು ಮಾತಾಡಿ ಬರುತ್ತೇನೆ. ನಿನ್ನ ಪತ್ರ ಓದಿದ ಮೇಲೆ, ಕಿವಿ ಹೇಗಿದೆ ಅಂತ ಕೇಳಲೆಂದೇ ಎರಡು ಸಲ ಹೋದೆ. ಎರಡು ಸಲವೂ ಬೇಡದ ಸಕ್ಕರೆ ಕಟ್ಟಿಸಿಕೊಂಡು ಬಂದೆ.

ನಿನ್ನ
ಸೋದರಮಾವ