ಡ್ರೈವ್ ಇತ್ತು, ಡ್ರೈವರ್ ಇರಲಿಲ್ಲ: ಲ್ಯಾಪ್‌ಟಾಪ್ ಕಂಪನಿಗೆ ಒಂದು ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಿಂಡೋಸ್ 11 ಇನ್‌ಸ್ಟಾಲ್ ಮಾಡುವಾಗ ಡ್ರೈವ್ ಕಾಣದೇ ಹೋದದ್ದು, ನಿಮ್ಮ ಸಿಬ್ಬಂದಿ ಕೊಟ್ಟ ಅರ್ಧಂಬರ್ಧ ಸಲಹೆ ಮತ್ತು ಅದನ್ನು ನನ್ನ ತಲೆಗೆ ಕಟ್ಟಿದ ದಾಖಲೆ

ಮಾನ್ಯರೇ,

ನಿಮ್ಮ ಲ್ಯಾಪ್‌ಟಾಪ್ ಕೊಂಡು ಎಂಟು ತಿಂಗಳಾಯಿತು. ಇನ್ನೂ ವಾರಂಟಿಯಲ್ಲಿದೆ. ಯಂತ್ರ ಕೆಟ್ಟಿದೆ ಅಂತ ನಾನು ಈ ಪತ್ರ ಬರೆಯುತ್ತಿಲ್ಲ. ಅದು ಕೆಟ್ಟಿರಲೇ ಇಲ್ಲ. ಕೆಟ್ಟಿದೆ ಅಂತ ನಿಮ್ಮವರೊಬ್ಬರು ಹೇಳಿದರು. ಸರಿ ಮಾಡೋಣ ಅಂತ ಹೇಳಿದ ಇನ್ನೊಬ್ಬರ ಮಾತು ಕೇಳಿ ಅದು ಆನ್ ಆಗುವುದೇ ನಿಂತಿತು. ಆಮೇಲೆ ಯಾರೋ ‘ಗ್ರಾಹಕರೇ ಮಾಡಿಕೊಂಡ ಬದಲಾವಣೆಯಿಂದ ಆದ ತೊಂದರೆ’ ಅಂತ ಬರೆದು ದೂರನ್ನು ಮುಚ್ಚಿದರು. ನನ್ನ ಸಿಟ್ಟೆಲ್ಲ ಈ ಕೊನೆಯ ಸಾಲಿನ ಮೇಲೆ.

ಮೊದಲಿನಿಂದ ಹೇಳುತ್ತೇನೆ. ಒಂದು ಅಪ್‌ಡೇಟ್ ಆದಮೇಲೆ ಲ್ಯಾಪ್‌ಟಾಪ್ ಪದೇ ಪದೇ ಹ್ಯಾಂಗ್ ಆಗತೊಡಗಿತು. ಸಹಾಯವಾಣಿಗೆ ಫೋನ್ ಮಾಡಿದೆ. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಳ್ಳಿ ಅಂದರು. ಇದು ನನ್ನ ಐಡಿಯಾ ಅಲ್ಲ, ನಿಮ್ಮದೇ. ಸರಿ ಅಂತ ಮೈಕ್ರೋಸಾಫ್ಟ್‌ನ ಟೂಲ್ ಇಳಿಸಿಕೊಂಡು 8 ಜಿಬಿಯ ಪೆನ್‌ಡ್ರೈವ್ ತಯಾರು ಮಾಡಿದೆ. ಬೂಟ್ ಆಯಿತು, ಭಾಷೆ ಕೇಳಿತು, ಮುಂದೆ ಮುಂದೆ ಅಂತ ಒತ್ತಿದೆ. ಎಲ್ಲಿಗೆ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳುವ ಪರದೆ ಬಂದಾಗ ಪಟ್ಟಿ ಖಾಲಿ. ಯಾವ ಡ್ರೈವೂ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಬೇಕಿದ್ದರೆ ‘ಲೋಡ್ ಡ್ರೈವರ್’ ಒತ್ತಿ ಅಂತ ಒಂದು ಸಾಲು ಮಾತ್ರ ಇತ್ತು. (ಡ್ರೈವರ್ ಅಂದರೆ ಯಂತ್ರದ ಒಂದು ಭಾಗವನ್ನು ವಿಂಡೋಸ್ ಗುರುತಿಸಿ ಬಳಸಲು ಬೇಕಾದ ಸಾಫ್ಟ್‌ವೇರ್.)

ಮತ್ತೆ ಫೋನ್. ಎದುರಿಗಿದ್ದವರು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು: ಎಸ್‌ಎಸ್‌ಡಿ (ವಿಂಡೋಸ್, ಫೈಲ್‌ಗಳೆಲ್ಲ ಇರುವ ಡಿಸ್ಕ್) ಹೋಗಿದೆ, ಮದರ್‌ಬೋರ್ಡೂ ಹೋಗಿರಬಹುದು, ಸರ್ವಿಸ್ ಸೆಂಟರ್‌ಗೆ ಕಳಿಸಿ, ಒಳಗಿನ ಡೇಟಾಕ್ಕೆ ನಾವು ಜವಾಬ್ದಾರರಲ್ಲ. ಆಗ ನಾನು ಹೇಳಿದ್ದು ಇಷ್ಟೇ. ಪೆನ್‌ಡ್ರೈವ್ ಕಿತ್ತರೆ ಹಳೇ ವಿಂಡೋಸ್ ಆನ್ ಆಗುತ್ತಿದೆ. ಬಯಾಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಒಳಗೆ ಹೋದರೆ 512 ಜಿಬಿ ಎಸ್‌ಎಸ್‌ಡಿ ತನ್ನ ಮಾಡೆಲ್ ನಂಬರ್ ಸಮೇತ ಕಾಣುತ್ತಿದೆ. ಸತ್ತ ಡಿಸ್ಕ್‌ನಿಂದ ವಿಂಡೋಸ್ ಹೇಗೆ ಆನ್ ಆಗುತ್ತದೆ? ಅದಕ್ಕೆ ಉತ್ತರ ಬರಲಿಲ್ಲ. ‘ಸರ್, ನಮ್ಮ ಸಿಸ್ಟಮ್‌ನಲ್ಲಿ ಹೀಗೇ ತೋರಿಸ್ತಿದೆ’ ಅಂದರು.

ಮಾರನೇ ದಿನ ಚಾಟ್‌ನಲ್ಲಿ ಬೇರೆಯವರು ಸಿಕ್ಕರು. ಪಾಪ, ಇವರಿಗೆ ಅರ್ಧ ವಿಷಯ ಗೊತ್ತಿತ್ತು. ಬಯಾಸ್‌ಗೆ ಹೋಗಿ ವಿಎಂಡಿ (ಎಸ್‌ಎಸ್‌ಡಿಯನ್ನು ನಿಭಾಯಿಸುವ ಇಂಟೆಲ್‌ನ ಒಂದು ವ್ಯವಸ್ಥೆ) ಅನ್ನುವುದನ್ನು ಆಫ್ ಮಾಡಿ, ಡ್ರೈವ್ ಕಾಣುತ್ತದೆ ಅಂದರು. ಆಫ್ ಮಾಡಿದೆ. ನಿಜವಾಗಿಯೂ ಕಂಡಿತು. ಇನ್ನೇನು ಡಿಸ್ಕ್‌ನ ಹಳೇ ಪಾರ್ಟಿಷನ್ (ವಿಭಾಗ) ಅಳಿಸಬೇಕು ಅನ್ನುವಾಗ, ಡೆಸ್ಕ್‌ಟಾಪ್ ಮೇಲಿನ ಒಂದು ಫೋಲ್ಡರ್ ಕಾಪಿ ಮಾಡಿಲ್ಲ ಅಂತ ನೆನಪಾಯಿತು. ಹೊರಗೆ ಬಂದು ಹಳೇ ವಿಂಡೋಸ್ ಆನ್ ಮಾಡಿದೆ. ನೀಲಿ ಪರದೆ ಬಂತು. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ರೀಸ್ಟಾರ್ಟ್ ಮಾಡಿದೆ, ಮತ್ತೆ ಅದೇ. ವಿಎಂಡಿ ಆನ್ ಇದ್ದಾಗ ಹಾಕಿದ ವಿಂಡೋಸ್, ಅದನ್ನು ಆಫ್ ಮಾಡಿದರೆ ತನ್ನ ಡಿಸ್ಕ್ ಹುಡುಕಲಾಗದೆ ಹೀಗೆ ಬಿದ್ದುಹೋಗುತ್ತದಂತೆ. ಇದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಬೇಕಿತ್ತು, ಅಲ್ವಾ?

ಗಾಬರಿಯಲ್ಲಿ ವಿಎಂಡಿಯನ್ನು ಮತ್ತೆ ಆನ್ ಮಾಡಿದೆ. ಈ ಸಲ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಿತು. ನಾನು ಯಾವತ್ತೂ ಬಿಟ್‌ಲಾಕರ್ ಆನ್ ಮಾಡಿದವನಲ್ಲ. ಮೊದಲ ದಿನ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿತ್ತು, ಕೀ ಆ ಅಕೌಂಟ್‌ನಲ್ಲೇ ಕೂತಿತ್ತು. ಅದು ತಿಳಿಯೋಕೆ ಅರ್ಧ ರಾತ್ರಿ ಹೋಯಿತು. ಆರಾರು ಅಂಕಿಯ ಎಂಟು ಗುಂಪು. ಫೋನ್ ಪರದೆ ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದೆ. ಐದನೇ ಗುಂಪಿನಲ್ಲಿ ಫೋನ್ ಪರದೆ ಆರಿತು, ಎಲ್ಲಿದ್ದೆ ಅಂತ ಮತ್ತೆ ಹುಡುಕಿದೆ. ಆ ಅಕೌಂಟ್‌ನ ಪಾಸ್‌ವರ್ಡ್ ಮರೆತಿದ್ದರೆ ನನ್ನ ಫೋಲ್ಡರ್ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಯಾಸ್ ಮುಟ್ಟಿಸುವ ಮುಂಚೆ ‘ರಿಕವರಿ ಕೀ ಇದೆಯಾ? ಬ್ಯಾಕಪ್ ಆಗಿದೆಯಾ?’ ಅಂತ ನಿಮ್ಮವರು ಒಂದು ಮಾತು ಕೇಳಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಓದಿ, ತಡಕಾಡಿ. ನನ್ನದು ಇಂಟೆಲ್‌ನ 12ನೇ ಜನರೇಶನ್ ಪ್ರೊಸೆಸರ್. 11ನೇ ಜನರೇಶನ್‌ನಿಂದ ಈಚೆಗೆ ಬಂದ ಬಹಳಷ್ಟು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ಈ ವಿಎಂಡಿ ಕಂಟ್ರೋಲರ್‌ನ ಹಿಂದೆ ಇರುತ್ತದೆ. ನೀವು ಫ್ಯಾಕ್ಟರಿಯಲ್ಲಿ ಹಾಕಿ ಕೊಡುವ ವಿಂಡೋಸ್‌ನಲ್ಲಿ ಅದರ ಡ್ರೈವರ್ ಇರುತ್ತದೆ. ನಾನು ಮಾಡಿಕೊಂಡ ಪೆನ್‌ಡ್ರೈವ್‌ನಲ್ಲಿ ಇರಲಿಲ್ಲ. ಅಷ್ಟೇ ವಿಷಯ. ಡಿಸ್ಕ್ ಒಳಗೆ ಆರಾಮಾಗಿ ಕೂತಿತ್ತು, ಬಾಗಿಲು ತೆಗೆಯುವವರು ಇರಲಿಲ್ಲ. ವಿಎಂಡಿಯನ್ನು ಮುಟ್ಟದೆ ಡ್ರೈವರ್ ಕೊಟ್ಟಿದ್ದರೆ ಸಾಕಿತ್ತು.

ಆ ಡ್ರೈವರ್ ನಿಮ್ಮ ಡೌನ್‌ಲೋಡ್ ಪುಟದಲ್ಲಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಇಎಕ್ಸ್‌ಇ ಫೈಲ್ ಆಗಿ ಇದೆ, ಅಂದರೆ ವಿಂಡೋಸ್ ಒಳಗೆ ಓಡಿಸಬೇಕಾದ ಫೈಲ್. ವಿಂಡೋಸ್ ಸೆಟಪ್‌ಗೆ ಬೇಕಾಗಿರುವುದು ಐಎನ್‌ಎಫ್ ಫೈಲ್ (ಡ್ರೈವರ್‌ನ ವಿವರ ಇರುವ ಫೈಲ್) ಇರುವ ಫೋಲ್ಡರ್. ಇಎಕ್ಸ್‌ಇಯನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿ ತೋರಿಸಿದರೆ ಡ್ರೈವರ್ ಸಿಗಲಿಲ್ಲ ಅನ್ನುತ್ತದೆ. ಇನ್ಸ್‌ಟಾಲ್ ಆಗದ ಕಂಪ್ಯೂಟರ್‌ಗೆ ಇನ್ಸ್‌ಟಾಲ್ ಆದಮೇಲೆ ಓಡಿಸಬೇಕಾದ ಫೈಲ್ ಕೊಟ್ಟರೆ ಏನು ಮಾಡುವುದು? ಗೆಳೆಯನ ಕಂಪ್ಯೂಟರ್‌ನಲ್ಲಿ ಅದನ್ನು ಬಿಚ್ಚಿ, ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ಲೋಡ್ ಡ್ರೈವರ್ ಒತ್ತಿ, 467ಎಫ್ ಅಂತ ಕೊನೆಯಾಗುವ ವಿಎಂಡಿ ಕಂಟ್ರೋಲರ್ ಆರಿಸಿದೆ. ಖಾಲಿ ಪಟ್ಟಿಯಲ್ಲಿ ಡಿಸ್ಕ್ ಟಪ್ ಅಂತ ಬಂದು ಕೂತಿತು. ಆಮೇಲಿನದು ಸಲೀಸು. ನಡುವೆ ವೈಫೈ ಡ್ರೈವರ್ ಇಲ್ಲದೆ ಇಂಟರ್ನೆಟ್ ಕೇಳಿ ನಿಂತಿತ್ತು, ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ದಾಟಿಸಿದೆ. ಈಗ ಹ್ಯಾಂಗೂ ಇಲ್ಲ.

ಇಷ್ಟಾದಮೇಲೆ ನಿಮ್ಮ ಮೇಲ್ ಬಂತು, ದೂರು ಮುಚ್ಚಲಾಗಿದೆ ಅಂತ. ಕಾರಣದ ಜಾಗದಲ್ಲಿ ಮೇಲೆ ಹೇಳಿದ ಆ ಸಾಲು. ಬಯಾಸ್ ಬದಲಿಸಿದ್ದು ನನ್ನ ಕೈ, ಒಪ್ಪುತ್ತೇನೆ. ಬದಲಿಸಿ ಅಂದದ್ದು ಯಾರು? ಚಾಟ್‌ನಲ್ಲಿ ಆ ಮಾತು ಅಕ್ಷರ ಅಕ್ಷರವಾಗಿ ಇದೆ. ನಾಳೆ ನಿಜವಾಗಿಯೇ ಏನಾದರೂ ಕೆಟ್ಟು ವಾರಂಟಿ ಕೇಳಿದಾಗ, ‘ಇವರು ಮುಂಚೆಯೂ ಸೆಟ್ಟಿಂಗ್ ಕೆಡಿಸಿಕೊಂಡವರು’ ಅಂತ ಈ ದಾಖಲೆ ತೋರಿಸಿದರೆ ನಾನೇನು ಹೇಳಲಿ?

ಆದ್ದರಿಂದ ಮೊದಲು ಆ ಸಾಲನ್ನು ತೆಗೆದು, ನಿಮ್ಮ ಸಿಬ್ಬಂದಿಯ ಸಲಹೆಯಿಂದ ಆದದ್ದು ಅಂತ ತಿದ್ದಿ ನನಗೆ ಒಂದು ಪ್ರತಿ ಕಳಿಸಿ. ಡೌನ್‌ಲೋಡ್ ಪುಟದಲ್ಲಿ ಇಎಕ್ಸ್‌ಇ ಪಕ್ಕದಲ್ಲೇ ಬಿಚ್ಚಿದ ಡ್ರೈವರ್‌ನ ಜಿಪ್ ಫೈಲ್ ಇಡಿ, ‘ಸೆಟಪ್‌ನಲ್ಲಿ ಡ್ರೈವ್ ಕಾಣದಿದ್ದರೆ ಇದು’ ಅಂತ ಪಕ್ಕದಲ್ಲಿ ಬರೆಯಿರಿ. ನಿಮಗೆ ಅರ್ಧ ಗಂಟೆಯ ಕೆಲಸ, ನನಗೆ ಮೂರು ದಿನ ಹೋಯಿತು. ಇನ್ನು ಸಹಾಯವಾಣಿಯವರು ಡಿಸ್ಕ್ ಸತ್ತಿದೆ ಅನ್ನುವ ಮುಂಚೆ ಬಯಾಸ್‌ನಲ್ಲಿ ಕಾಣುತ್ತಿದೆಯಾ ಅಂತ ಕೇಳಲಿ. ಫೋನ್ ಎತ್ತಿದ ಹುಡುಗರನ್ನು ಬೈಯುವುದು ನನಗೆ ಬೇಕಿಲ್ಲ. ಅವರ ಮುಂದಿರುವ ಹಾಳೆಯಲ್ಲಿ ಈ ಪ್ರಶ್ನೆಯೇ ಇಲ್ಲ ಅಂತ ಕಾಣುತ್ತದೆ.

ಖಾಲಿ ಪಟ್ಟಿಯ ಫೋಟೋ, ಅದೇ ದಿನ ತೆಗೆದ ಬಯಾಸ್ ಪರದೆಯ ಫೋಟೋ, ನೀಲಿ ಪರದೆಯದು ಮತ್ತು ಪೂರ್ತಿ ಚಾಟ್‌ನ ಪ್ರತಿ ಲಗತ್ತಿಸಿದ್ದೇನೆ. 15 ದಿನದೊಳಗೆ ಉತ್ತರ ಕೊಡಿ. ದಯವಿಟ್ಟು ಫೋನ್ ಮಾಡಬೇಡಿ, ಬರವಣಿಗೆಯಲ್ಲೇ ಕಳಿಸಿ. ಎಸ್‌ಎಸ್‌ಡಿ ಹೋಗಿದೆ ಅಂತ ಫೋನಿನಲ್ಲಿ ಹೇಳಿದ್ದಕ್ಕೆ ನಿಮ್ಮ ದಾಖಲೆಯಲ್ಲಿ ಒಂದು ಗುರುತೂ ಇಲ್ಲ.

ಇಂತಿ,
ನಿಮ್ಮ ಗ್ರಾಹಕ